ಕೂದಲಿಗೆ ಕಪ್ಪು

ಕೊನೆಯ ಕಂತಿನ ಏಳನೆಯ ಪುಟದಲ್ಲಿ ನಾಯಕನ ಕೂದಲಿಗೆ ಕಪ್ಪು ತುಂಬುತ್ತಿದ್ದವಳು ಕುಂಚವನ್ನು ಕೆಳಗಿಟ್ಟು, "ಸರ್, ಇವತ್ತಾದ್ರೂ ಹೇಳ್ಬಿಡಿ," ಎಂದಳು.

"ಏನನ್ನ?" ಎಂದ ಚಿತ್ರಗಾರ, ತಲೆ ಎತ್ತದೆ.

"ಗುಟ್ಟನ್ನ."

ವಾರಪತ್ರಿಕೆಯೊಂದಕ್ಕೆ ಹದಿಮೂರು ವರ್ಷಗಳಿಂದ ಮಾಂಗಾ, ಅಂದರೆ ಜಪಾನಿ ಶೈಲಿಯ ಚಿತ್ರಕಥೆ, ಬಿಡಿಸುತ್ತಿದ್ದ ಅವನ ಬಳಿ ಅವಳು ಸಹಾಯಕಿಯಾಗಿ ಸೇರಿ ನಾಲ್ಕು ವರ್ಷವಾಗಿತ್ತು. ಅವನು ಗೆರೆ ಎಳೆದು, ಕಪ್ಪಾಗಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಸಣ್ಣದೊಂದು ಇಂಟು ಗುರುತು ಹಾಕಿ ಕೊಡುತ್ತಿದ್ದ. ಅವಳು ಅಲ್ಲಿ ಮಸಿ ತುಂಬುತ್ತಿದ್ದಳು. ತುಂಬಿ ತುಂಬಿ ಅವಳ ಹೆಸರೇ ಮಸಿ ಎಂದಾಗಿಬಿಟ್ಟಿತ್ತು. ಒಂದು ದಿನಕ್ಕಾದರೂ ಒಂದು ಕಣ್ಣು, ಒಂದು ಮೂಗು ಬಿಡಿಸಲು ಕೊಟ್ಟವನಲ್ಲ ಪುಣ್ಯಾತ್ಮ. ಆದರೂ ಅವಳು ಬೇಜಾರು ಮಾಡಿಕೊಂಡಿರಲಿಲ್ಲ. ಹದಿನೈದನೆಯ ವಯಸ್ಸಿಗೇ ಇವನ ಕಥೆಯನ್ನು ಬಾಯಿಪಾಠ ಮಾಡಿದ್ದವಳು ಅವಳು. ಅದರಲ್ಲಿ ಮುದುಕ ಗುರು ನಾಯಕನಿಗೆ ಕತ್ತಿಯನ್ನೇ ಮುಟ್ಟಗೊಡದೆ ಸಾವಿರ ದಿನ ಬೆಟ್ಟದ ಮೇಲಕ್ಕೆ ನೀರು ಹೊರಿಸುತ್ತಾನೆ. ಸಾವಿರದ ಒಂದನೆಯ ದಿನ ಕತ್ತಿ ಹಿಡಿದರೆ, ಆ ತೋಳಿಗೆ ಮೂರು ಲೋಕದಲ್ಲೂ ಎದುರಿಲ್ಲ! ಮಸಿ ಮನೆಯಲ್ಲಿ ಕದ್ದುಮುಚ್ಚಿ ಕೂಡ ಒಂದು ಮುಖ ಬಿಡಿಸಿ ನೋಡಿರಲಿಲ್ಲ. ಗುರು ಕೊಡುವ ಮೊದಲೇ ಕತ್ತಿ ಮುಟ್ಟಿದ ಶಿಷ್ಯನ ಗತಿ ಏನಾಯಿತೆಂದು ಮೂರನೆಯ ಸಂಪುಟದಲ್ಲಿ ಓದಿದ್ದಳಲ್ಲ.

ಈಗ ಎರಡು ಸೇನೆಗಳ ಕೊನೆಯ ಯುದ್ಧದೊಂದಿಗೆ ಕಥೆ ಮುಗಿಯುತ್ತಿತ್ತು. ನಾಳೆಯಿಂದ ಈ ಕೋಣೆಗೆ ಬೀಗ. ಬೇರೊಂದು ಪತ್ರಿಕೆಯ ಸಂಪಾದಕಿ ಅವಳಿಗೆ ಕೆಲಸ ಕೊಡಲು ಒಪ್ಪಿದ್ದಳು, ಆದರೆ ನಾಳೆ ಬೆಳಿಗ್ಗೆ ಬರುವಾಗ ಕೈಯಾರೆ ಬಿಡಿಸಿದ ಹತ್ತು ಮುಖ ತರಬೇಕು. ಮಸಿ ಧೈರ್ಯವಾಗಿ ಹೂಂ ಅಂದುಬಿಟ್ಟಿದ್ದಳು. ಕೊನೆಯ ದಿನ ಗುರು ಬಾಯಿಬಿಡದೆ ಎಲ್ಲಿಗೆ ಹೋಗುತ್ತಾನೆ?

"ನಾಲ್ಕು ವರ್ಷ ಬರೀ ಕೂದಲಿಗೆ ಕಪ್ಪು ತುಂಬಿಸಿದ್ರಲ್ಲ ಸರ್, ಅದರಿಂದ ನನ್ನ ಕೈಗೆ ಏನು ಬಂದಿದೆ?"

ಚಿತ್ರಗಾರ ಕನ್ನಡಕ ತೆಗೆದು ಅವಳನ್ನು ನೋಡಿದ. "ಕಪ್ಪು ತುಂಬೋದು ಬಂದಿದೆ. ಚೆನ್ನಾಗಿ ತುಂಬ್ತೀಯ."

"ಮತ್ತೆ ಯಾಕೆ ಅದನ್ನೇ ಕೊಟ್ರಿ?"

"ನಂಗೆ ಅದು ಮಹಾ ಬೋರು. ಅದಕ್ಕೇ ತಾನೆ ಸಹಾಯಕ್ಕೆ ಜನ ಬೇಕು ಅಂದಿದ್ದು?"

ಬೆಟ್ಟ ಅಗೆದವನಿಗೆ ಕೊನೆಗೆ ಒಂದು ಇಲಿಯಾದರೂ ಸಿಗುತ್ತದಂತೆ. ಮಸಿಗೆ ಅದೂ ಸಿಗಲಿಲ್ಲ. "ಹಾಗಾದ್ರೆ ಆ ಬೆಟ್ಟ? ಆ ನೀರು ಹೊರೋದು?"

"ಅದಾ? ಆಗ ನಂಗೆ ಮಣಿಕಟ್ಟು ನೋವು. ಕತ್ತಿ ಕಾಳಗ ಬಿಡಿಸೋಕೆ ಆಗ್ತಿರಲಿಲ್ಲ. ಒಂದು ಬೆಟ್ಟ, ಎರಡು ಬಕೆಟ್ಟು, ಆರು ವಾರ ಎಳೆದೆ."

"ಅದನ್ನ ಓದಿ ನಾನು ಮನೆ ಬಿಟ್ಟು ಬಂದೆ ಸರ್."

ಚಿತ್ರಗಾರನ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಒಂದು ಮಾತು ಕೇಳಬಾರದಿತ್ತೇನಮ್ಮ? ಮೊದಲನೇ ವರ್ಷವೇ ಮುಖ ಕೊಡ್ತಿದ್ದೆ. ನಿಂಗೆ ಇದೇ ಇಷ್ಟ ಅಂದ್ಕೊಂಡಿದ್ದೆ. ಎಷ್ಟು ಖುಷಿಯಾಗಿ ತುಂಬ್ತಿದ್ದೆ ನೀನು!"

"ಶಿಷ್ಯರು ಕೇಳಬಾರದು ಅಂತ ನೀವೇ ಬರೆದಿದ್ರಿ."

"ಬರೆದಿದ್ನಾ?" ಎಂದ ಅವನು, ನಿಜವಾಗಿಯೂ ನೆನಪಿಲ್ಲದೆ.

ಮಸಿಗೆ ಅಳು ಬಂತು. ಅವನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಆದರೂ ಆಸೆ ಅನ್ನುವುದು ಸುಲಭಕ್ಕೆ ಸಾಯುವುದಿಲ್ಲ. ಇವನಿಗೇ ತಿಳಿಯದೆ ವಿದ್ಯೆ ತನ್ನ ಕೈಗೆ ಇಳಿದಿರಬಹುದಲ್ಲ? ಅವಳು ಖಾಲಿ ಹಾಳೆಯೊಂದನ್ನು ಎಳೆದುಕೊಂಡು, ಉಸಿರು ಬಿಗಿಹಿಡಿದು, ಜೀವನದ ಮೊದಲ ಮುಖ ಬಿಡಿಸಿದಳು. ಒಂದು ಕಣ್ಣು ಹಣೆಗೆ ಹತ್ತಿತ್ತು, ಇನ್ನೊಂದು ಕೆನ್ನೆಗೆ ಜಾರಿತ್ತು. ಮೂಗು ಬದನೆಕಾಯಿ.

ಚಿತ್ರಗಾರ ಬಗ್ಗಿ ನೋಡಿದ. "ಕೂದಲು ಬಹಳ ಚೆನ್ನಾಗಿದೆ," ಎಂದ.

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಅವನು ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ. "ಮೂಗಿನಿಂದ ಶುರು ಮಾಡಬೇಡ. ಮೊದಲು ಒಂದು ಮೊಟ್ಟೆ ಬಿಡಿಸು. ಮಧ್ಯಕ್ಕೆ ಒಂದು ಅಡ್ಡಗೆರೆ ಎಳಿ. ಕಣ್ಣು ಎರಡೂ ಅದರ ಮೇಲೆ ಬರಬೇಕು."

"ಅಷ್ಟೇನಾ?"

"ಅಷ್ಟೇ. ಯಾವ ಪುಸ್ತಕದಂಗಡಿಗೆ ಹೋದ್ರೂ ಸಿಗುತ್ತೆ, ಚಿತ್ರ ಕಲಿಯೋ ಪುಸ್ತಕದ ಮೊದಲನೇ ಪುಟ."

ಮಸಿ ಮೊಟ್ಟೆ ಬಿಡಿಸಿದಳು, ಅಡ್ಡಗೆರೆ ಎಳೆದಳು. ಬೆಳಿಗ್ಗೆಯೊಳಗೆ ಹತ್ತು ಮುಖ. ಇವತ್ತು ಸಂಜೆಯೊಳಗೆ ಕೊನೆಯ ಕಂತು ಅಚ್ಚಿಗೆ ಹೋಗಬೇಕು. ಚಿತ್ರಗಾರ ಗೋಡೆಯ ಗಡಿಯಾರ ನೋಡಿ, ನಿಟ್ಟುಸಿರು ಬಿಟ್ಟು, ಏಳನೆಯ ಪುಟವನ್ನು ತನ್ನ ಕಡೆ ಸರಿಸಿಕೊಂಡು ಕುಂಚ ಹಿಡಿದ. ಅವಳ ನಾಲ್ಕನೆಯ ಮುಖದಲ್ಲಿ ಎರಡೂ ಕಣ್ಣು ಒಂದೇ ಸಾಲಿಗೆ ಬಂದಿದ್ದವು. ಅಷ್ಟರಲ್ಲಿ ಅವನು ಮೂರು ತಲೆ ಮುಗಿಸಿ, ಸೊಂಟ ಹಿಡಿದುಕೊಂಡು ಎದ್ದು ನಿಂತಿದ್ದ.

"ಇನ್ನೂ ಎಷ್ಟು ಪುಟ ಇದೆಯಮ್ಮ?"

"ಹದಿಮೂರು," ಎಂದಳು ಮಸಿ, ಐದನೆಯ ಮೊಟ್ಟೆಯಿಂದ ಕಣ್ಣು ತೆಗೆಯದೆ. "ಎರಡೂ ಸೇನೆಗೆ ಸೊಂಟದವರೆಗೆ ಕೂದಲು ಬಿಡಿಸಿದೋರು ನೀವೇ ಸರ್."