ಇಪ್ಪತ್ತರ ಬಾಟಲಿ

ಅಮ್ಮ ಹೋಗಿ ವರ್ಷಗಳಾದರೂ, ಪಾರ್ಲರ್‌ನಿಂದ ಬ್ಲೀಚಿನ ಘಾಟು ಬಂದರೆ ಈಗಲೂ ನನ್ನ ಕಾಲು ನಿಲ್ಲುತ್ತದೆ.

ದೊಡ್ಡಬಳ್ಳಾಪುರದಲ್ಲಿ ಚಿಕ್ಕಮ್ಮ ಮಗ್ಗದ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ನಡೆಸುತ್ತಿದ್ದಳು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಉದುರಿದ್ದ ಅಮ್ಮನ ಕೂದಲು ಆಗಷ್ಟೇ ಬೆರಳುದ್ದ ಬೆಳೆದಿತ್ತು, ಕೋಳಿಮರಿಯ ತುಪ್ಪಳದಷ್ಟು ಮೃದು. ಅದಕ್ಕೆ ಹೊಂಬಣ್ಣ ಬೇಕೆಂದು ಅಮ್ಮ ಹಟ ಹಿಡಿದಳು.

"ನಲವತ್ತರ ಪೆರಾಕ್ಸೈಡೇ ಹಾಕೇ. ಒಂದೇ ಸಲಕ್ಕೆ ಬಂಗಾರ ಆಗ್ಬೇಕು. ನಂಗೆ ಕಾಯಕ್ಕಾಗಲ್ಲ."

"ನಂಬರ್ ಹೆಚ್ಚಾದಷ್ಟೂ ಜೋರು ಕಣಕ್ಕಾ. ಇಪ್ಪತ್ತರದು ಸಾಕು."

ಅಮ್ಮ ಒಪ್ಪಲಿಲ್ಲ. ಚಿಕ್ಕಮ್ಮ ಅವಳ ಕತ್ತಿನ ಹಿಂದಿನಿಂದ ನಾಲ್ಕು ಕೂದಲು ಕತ್ತರಿಸಿ, ನಲವತ್ತರದು ಬೆರೆಸಿದ ಬ್ಲೀಚಿನಲ್ಲಿ ನೆನೆಸಿದಳು. ತೊಳೆದ ಮೇಲೆ, ಮಗ್ಗಕ್ಕೆ ಹಾಕುವ ಮೊದಲು ರೇಷ್ಮೆ ಎಳೆಯನ್ನು ಜಗ್ಗಿ ನೋಡುವ ಹಾಗೆ, ಬೆರಳುಗಳ ನಡುವೆ ಜಗ್ಗಿದಳು. ಕೂದಲು ತುಂಡಾಯಿತು.

"ನೋಡಿದ್ಯಾ? ಮತ್ತೆ ಬೋಳಾಗ್ಬೇಕಾ ನಿಂಗೆ?" ಎಂದು ಗದರಿ ಇಪ್ಪತ್ತರ ಬಾಟಲಿ ತೆಗೆದಳು.

ಸಂಜೆ ತೊಳೆದು ನೋಡಿದರೆ ಕೂದಲು ಬರೀ ಟೀ ಬಣ್ಣಕ್ಕೆ ತಿರುಗಿತ್ತು.

"ಮುಂದಿನ ತಿಂಗಳು ಇನ್ನೊಂದ್ಸಲ ಹಾಕಿದ್ರೆ ಬಂಗಾರ," ಎಂದಳು ಚಿಕ್ಕಮ್ಮ.

"ಮುಂದಿನ ತಿಂಗಳಂತೆ! ಪುಟ್ಟಿ, ನೀನು ಇವತ್ತೇ ಚೆನ್ನಾಗಿ ನೋಡ್ಕೊಂಬಿಡು," ಎಂದು ಅಮ್ಮ ನಗುತ್ತಾ ನನ್ನ ಮುಂದೆ ತಲೆ ಬಗ್ಗಿಸಿದಳು. ನಾನು ಎರಡೂ ಕೈಯಿಂದ ಮುಟ್ಟಿದೆ. ಕೂದಲು ಇನ್ನೂ ಒದ್ದೆಯಾಗಿತ್ತು.