ಹದಿನಾಲ್ಕನೇ ಮಹಡಿಯ ಮನುಷ್ಯ

ಆ ಮನುಷ್ಯ ಸುಳ್ಳು ಹೇಳುತ್ತಿದ್ದಾನೆಂದು ವರ್ಸಾಮೆಗೆ ಖಾತ್ರಿಯಾದದ್ದು ಮಂಗಳವಾರ ಬೆಳಿಗ್ಗೆ ಎಂಟೂವರೆಗೆ.

"ಪಾಸ್ ತೋರಿಸಿ ಸಾರ್."

ತೋರಿಸಿದ. ಡ್ವೇನ್ ಹಾಲ್ವರ್ಸನ್, ವಿಮಾ ಕಂಪನಿ, ಹದಿನಾಲ್ಕನೇ ಮಹಡಿ. ಫೋಟೋ ಅವನದೇ. ಕೈಯಲ್ಲಿ ಊಟದ ಡಬ್ಬಿ. ಎರಡು ವಾರದಿಂದ ದಿನವೂ ಇದೇ ಹೊತ್ತಿಗೆ ಬರುತ್ತಿದ್ದ, ಪಾಸ್ ಕೇಳಿದ್ದು ಮಾತ್ರ ಇದೇ ಮೊದಲು. ಆದರೆ ಆ ವಿಮಾ ಕಂಪನಿ ಹೋದ ವರ್ಷವೇ ಮೇಜು ಕುರ್ಚಿ ಲಾರಿಗೆ ತುಂಬಿಸಿ ಜಾಗ ಖಾಲಿ ಮಾಡಿತ್ತು. ಸಾಗಿಸುವವರಿಗೆ ಬಾಗಿಲು ಹಿಡಿದು ನಿಂತವನು ವರ್ಸಾಮೆಯೇ.

"ಕೆಲಸ ಜೋರಾ?"

"ತಲೆ ಎತ್ತೋಕೆ ಪುರುಸೊತ್ತಿಲ್ಲ," ಎಂದು ಡ್ವೇನ್ ಲಿಫ್ಟ್ ಹತ್ತಿದ.

ಮಿನಿಯಾಪೊಲಿಸ್ ಪೇಟೆಯ ಆ ಇಪ್ಪತ್ತೆರಡು ಮಹಡಿಗಳಲ್ಲಿ ಈಗ ಉಳಿದಿದ್ದವರು ಹಲ್ಲಿನ ವೈದ್ಯರೊಬ್ಬರೇ, ಅದೂ ವಾರಕ್ಕೆರಡು ದಿನ. ಪಕ್ಕದ ಕಟ್ಟಡಗಳ ಗಾಜಿನ ಸೇತುವೆಗಳು ಬಂದು ಕೂಡುವ ಎರಡನೇ ಮಹಡಿಯಲ್ಲಿ ವರ್ಸಾಮೆಯ ಕಾವಲು ಮೇಜು. ಕೊರೊನಾಕ್ಕೆ ಮೊದಲು ಅಲ್ಲಿ ಬೆಳಗಿನ ಹೊತ್ತು ಭುಜಕ್ಕೆ ಭುಜ ತಾಗುತ್ತಿತ್ತು. ಸೂಪಿನಂಗಡಿ, ಕ್ಷೌರದಂಗಡಿ, ಬೂಟು ರಿಪೇರಿಯವನು. ಈಗ ಮೂರೂ ಅಂಗಡಿಗಳ ಷಟರ್ ಇಳಿದಿತ್ತು. ಹೊರಗಿನ ಚಳಿಗೆ ಹೆದರಿದ ಒಬ್ಬಿಬ್ಬರು ಅವನತ್ತ ನೋಡದೆ ಹಾದುಹೋಗುತ್ತಿದ್ದರು.

ತಿರುಗುವ ಕುರ್ಚಿಯನ್ನು ಯಾರೋ ಒಯ್ದಿದ್ದರು. ವರ್ಸಾಮೆ ಮನೆಯಿಂದ ಮಡಚುವ ಕುರ್ಚಿ ತಂದುಕೊಂಡಿದ್ದ. ಸೊಂಟದ ವಾಕಿಟಾಕಿ ಮಾತಾಡಿ ತಿಂಗಳುಗಳಾಗಿದ್ದವು. ಆದರೂ ಮೊಗದಿಶುವಿನಿಂದ ಬಂದ ಆ ಅರವತ್ತರ ಮನುಷ್ಯ ಒಂದು ದಿನವೂ ತಡ ಮಾಡಿದವನಲ್ಲ.

ಮಧ್ಯಾಹ್ನ ಅವನು ಹದಿನಾಲ್ಕಕ್ಕೆ ಹೋದ. ಬರೀ ಬಯಲು. ಕಾರ್ಪೆಟ್ಟಿನ ಮೇಲೆ ಮೇಜಿನ ಕಾಲುಗಳು ಒತ್ತಿದ ಗುರುತು. ಅಂಥ ನಾಲ್ಕು ಗುರುತುಗಳ ನಡುವೆ ಡ್ವೇನ್ ನೆಲದ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದ. ವರ್ಸಾಮೆಯನ್ನು ಕಂಡು ಏಳಲಿಲ್ಲ.

"ಇಲ್ಲೇ ಕೂರ್ತಿದ್ದೆ. ಇಪ್ಪತ್ತಾರು ವರ್ಷ."

"ಈಗ ಯಾಕೆ ಬರ್ತೀರಿ?"

"ಮೊದಲು ಮನೆಯಿಂದಲೇ ಕೆಲಸ ಮಾಡಿ ಅಂದ್ರು. ಮಾಡಿದ್ವಿ. ಆಮೇಲೆ, ಮನೆಯಿಂದ ಆಗೋ ಕೆಲಸ ನಿಮ್ಮ ಮನೆಯಿಂದಲೇ ಯಾಕೆ ಆಗ್ಬೇಕು ಅಂದ್ರು." ಅವನು ಬ್ರೆಡ್ಡಿನ ಅಂಚನ್ನು ಡಬ್ಬಿಗೆ ಹಾಕಿದ. "ಕೆಲಸ ಹೋಯ್ತು ಅಂತ ಹೆಂಡತಿಗೆ ಹೇಳೋಕೆ ಬಾಯಿ ಬರ್ಲಿಲ್ಲ. ಆಫೀಸಿಗೆ ವಾಪಸ್ ಕರೆದಿದ್ದಾರೆ ಅಂದ್ಬಿಟ್ಟೆ. ಈ ಪಾಸನ್ನ ಯಾರೂ ರದ್ದು ಮಾಡಿಲ್ಲ. ಮರೆತಿರ್ಬೇಕು."

"ಇದನ್ನ ನಾನು ಮೇಲಿನವರಿಗೆ ತಿಳಿಸ್ಬೇಕಾಗುತ್ತೆ."

"ದಮ್ಮಯ್ಯ, ತಿಳಿಸ್ಬೇಡಿ."

ವರ್ಸಾಮೆ ತಾನು ತಂದಿದ್ದ ಫ್ಲಾಸ್ಕ್ ತೆರೆದು ಮುಚ್ಚಳಕ್ಕೆ ಏಲಕ್ಕಿ ಚಹಾ ಬಗ್ಗಿಸಿ ಕೊಟ್ಟ.

"ಮನೇಲಿ ನಿಜ ಹೇಳಿ. ದಿನಾ ಎದ್ದು ಟೈ ಕಟ್ಕೊಂಡು ನಾಟಕ ಆಡೋದು ಒಳ್ಳೇದಲ್ಲ. ಗೆದ್ದಲು ಹಿಡಿದ ಹಾಗೆ, ಒಳಗಿಂದ ತಿಂದುಹಾಕುತ್ತೆ."

"ನಿಮಗೇನ್ ಗೊತ್ತು? ನಿಮಗೆ ಕೆಲಸ ಇದೆ."

ವರ್ಸಾಮೆ ಫ್ಲಾಸ್ಕಿನ ಬಿರಡೆ ತಿರುಗಿಸಿ ಮುಚ್ಚಿದ. ಕಿಟಕಿಯಾಚೆ ಹಿಮ ಬೀಳತೊಡಗಿತ್ತು.

ಗುರುವಾರ ಡ್ವೇನ್ ಟೈ ಇಲ್ಲದೆ ಬಂದ. ಲಿಫ್ಟಿನತ್ತ ಹೋಗದೆ ಮೇಜಿನ ಎದುರೇ ನಿಂತ.

"ಹೇಳ್ಬಿಟ್ಟೆ."

"ಏನಂದ್ರು?"

"ಹೆಂಡತಿ ಮಾರ್ಲಿಸ್‌ಗೆ ಮೊದಲ ವಾರವೇ ಗೊತ್ತಾಗಿತ್ತಂತೆ. ಮನೇಲಿ ಕೂತು ಗೋಡೆ ನೋಡೋದಕ್ಕಿಂತ ಎಲ್ಲಾದ್ರೂ ಹೋಗ್ಲಿ ಅಂತ ಡಬ್ಬಿ ಕಟ್ತಿದ್ಲಂತೆ."

ಇಬ್ಬರೂ ನಗಲಿಲ್ಲ.

"ಒಂದು ಉಪಕಾರ," ಡ್ವೇನ್ ದನಿ ತಗ್ಗಿಸಿದ. "ನಂಗೆ ಐವತ್ತೆಂಟು. ಎಲ್ಲೆಲ್ಲಿ ಅರ್ಜಿ ಹಾಕಿದ್ರೂ ಕಂಪ್ಯೂಟರೇ ಉತ್ತರ ಕೊಡುತ್ತೆ, ಮನುಷ್ಯರ ದನಿ ಕೇಳ್ಲೇ ಇಲ್ಲ. ನಿಮ್ಮ ಕಾವಲು ಕಂಪನೀಲಿ ನನ್ನ ಬಗ್ಗೆ ಒಂದು ಮಾತು ಹೇಳ್ತೀರಾ? ಯಾವ ಪಾಳಿ ಆದ್ರೂ ಸರಿ."

ವರ್ಸಾಮೆ ಖಾಲಿ ಸೇತುವೆಯನ್ನು ಬಹಳ ಹೊತ್ತು ನೋಡಿದ.

"ಹೇಳ್ತೀನಿ," ಎಂದ.

ಆಮೇಲೆ ಡ್ವೇನ್ ದಿನವೂ ಬಂದ. "ಕೇಳಿದೀನಿ, ನೋಡೋಣ ಅಂದಿದ್ದಾರೆ," ಎಂದ ವರ್ಸಾಮೆ. ಮರುದಿನ, "ಸಾಹೇಬ್ರು ರಜೆ ಮೇಲಿದ್ದಾರೆ." ಅದರ ಮರುದಿನ ಉತ್ತರದ ಬದಲು ತನ್ನ ಹೆಂಡತಿ ಕರಿದ, ಸಮೋಸಾದಂಥ ಸಂಬೂಸಾ ಮುಂದಿಟ್ಟ. ಇಬ್ಬರೂ ಮೇಜಿನ ಆಚೀಚೆ ನಿಂತು ತಿಂದರು. ಚೆನ್ನಾಗಿತ್ತು. ಡ್ವೇನ್ ಹಾಗೆಂದಾಗ ವರ್ಸಾಮೆ ತಲೆಯಾಡಿಸಿದ, ಮುಖ ಎತ್ತಲಿಲ್ಲ.

ಎರಡು ವಾರ ಕಳೆಯಿತು. ಪಾಪ, ನನ್ನಿಂದ ಈ ಮನುಷ್ಯ ಮೇಲಿನವರ ಮುಂದೆ ಸಣ್ಣವನಾಗುತ್ತಿದ್ದಾನೆ ಎಂದು ಡ್ವೇನ್‌ಗೆ ಅನ್ನಿಸಿತು. ಸೋಮವಾರ ಬೆಳಿಗ್ಗೆ ಎಂದಿನಂತೆ ವರ್ಸಾಮೆಗೆ ನಮಸ್ಕಾರ ಹೇಳಿ, ಏನೂ ತಿಳಿಸದೆ ಬಸ್ ಹತ್ತಿ, ಊರಾಚೆಯಿದ್ದ ಕಾವಲು ಕಂಪನಿಯ ಕಚೇರಿಗೆ ತಾನೇ ಹೋದ.

ಅಲ್ಲಿದ್ದ ಹೆಂಗಸು ಅವನ ಅರ್ಜಿಯನ್ನು ಪೂರ್ತಿ ಓದಿದಳು. ಅಷ್ಟಕ್ಕೇ ಅವನಿಗೆ ಎದೆ ಹಗುರಾಯಿತು.

"ಜಾಗ ಇಲ್ಲ ಸಾರ್. ಇರೋ ಕಟ್ಟಡಗಳನ್ನೇ ಒಂದೊಂದಾಗಿ ಕ್ಯಾಮೆರಾಗೆ ಒಪ್ಪಿಸ್ತಿದ್ದೀವಿ."

"ವರ್ಸಾಮೆ ನನ್ನ ಬಗ್ಗೆ ಹೇಳಿರ್ಬೇಕಲ್ಲ? ಪೇಟೆ ಸೇತುವೆ ಹತ್ರ ಮೇಜಲ್ಲಿ ಕೂರ್ತಾರೆ. ನಿಮ್ಮ ಕಾವಲುಗಾರರು."

ಅವಳ ಬೆರಳುಗಳು ಕಂಪ್ಯೂಟರಿನ ಮೇಲೆ ಓಡಿ ನಿಂತವು.

"ಆ ಮೇಜಿನ ಕೆಲಸಾನ ಹೋದ ಫೆಬ್ರವರಿಗೇ ತೆಗೆದುಹಾಕಿದ್ವಿ ಸಾರ್, ಅವರನ್ನೂ ಸೇರಿಸಿ," ಎಂದಳು. "ಸಮವಸ್ತ್ರ ವಾಪಸ್ ಕೊಡಿ ಅಂತ ಮೂರು ಕಾಗದ ಹಾಕಿದೀವಿ, ಒಂದಕ್ಕೂ ಉತ್ತರ ಇಲ್ಲ."