ಹಿಂದಿನ ಸೀಟಿನ ಮಾತು

"ಪೆಟ್ಟಿಗೆಯಾ, ಚೀಲವಾ?" ಎಂದು ಕನ್ನಡಕದವರು ಮೂರನೆಯ ಸಲ ಕೇಳಿದರು. "ನಿಮ್ಮಿಷ್ಟ" ಎಂದು ಹೆಂಡತಿ ಮೂರನೆಯ ಸಲ ಹೇಳಿದಳು.

ಬೈಕಿನ ಸಾಮಾನು ಮಾರುವ ಅಂಗಡಿ ಅದು. ಒಂದು ಗೋಡೆಯ ತುಂಬ ಬೈಕಿನ ಎರಡೂ ಪಕ್ಕಕ್ಕೆ ಕೂರಿಸುವ ಅಲ್ಯೂಮಿನಿಯಂ ಪೆಟ್ಟಿಗೆಗಳು, ಎದುರು ಗೋಡೆಯ ತುಂಬ ಅದೇ ಕೆಲಸಕ್ಕೆ ಬರುವ ಬಟ್ಟೆಯ ಚೀಲಗಳು. ನಡುವೆ ನಿಂತು ಕನ್ನಡಕದವರಿಗೆ ತಲೆ ಕೆಟ್ಟಿತ್ತು. ಇಪ್ಪತ್ತೇಳು ವರ್ಷದಿಂದ ಕನ್ನಡಕದ ಅಂಗಡಿ ನಡೆಸುತ್ತಿರುವವರು ಅವರು. ಬೆಳಗಿನಿಂದ ಸಂಜೆಯವರೆಗೆ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತ "ಇದು ಚೆನ್ನಾಗಿದೆಯಾ, ಇದಾ?" ಎಂದು ಕೇಳುವುದೇ ಉದ್ಯೋಗ. ಎಂಥ ಪೆಕರನೂ ಒಂದಲ್ಲ ಒಂದು ಉತ್ತರ ಹೇಳುತ್ತಾನೆ. ಹೇಳದವಳು ಇವಳೊಬ್ಬಳೇ. ಕಿಟಕಿಯ ಪರದೆಯಿರಲಿ, ಮಗಳ ಕಾಲೇಜಿರಲಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೂತುಬಿಡುತ್ತಾಳೆ.

ಪರದೆಯಾದರೆ ಹೋಗಲಿ. ಈಗಿನದು ಇಪ್ಪತ್ತು ದಿನದ ದಾರಿ, ಸಮುದ್ರದ ಅಂಚಿನುದ್ದಕ್ಕೂ, ಗಂಡ ಹೆಂಡತಿ ಇಬ್ಬರೇ, ಬೈಕಿನ ಮೇಲೆ. ಮದುವೆಯಾದ ವರ್ಷದಿಂದ ಮುಂದೆ ಹಾಕುತ್ತ ಬಂದದ್ದು. ಅವಳಿಗೂ ಆಸೆ ಇದೆಯೋ, ಗಂಡನ ಹುಚ್ಚಿಗೆ ಹೂಂ ಅಂದಿದ್ದಾಳೋ, ಅದೇ ಅವರಿಗೆ ತಿಳಿಯುತ್ತಿಲ್ಲ. ಬರೀ ತಮ್ಮ ಸಂತೋಷಕ್ಕಾಗಿ ಅವಳು ಬೆನ್ನ ಹಿಂದೆ ಇಪ್ಪತ್ತು ದಿನ ಧೂಳು ಕುಡಿಯುವುದಾದರೆ ಈ ಪ್ರಯಾಣವೇ ಬೇಡ ಎಂದು ಅವರು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದರು. ಮೌನ ಸಮ್ಮತಿ ಲಕ್ಷಣ ಎಂದವನಿಗೆ ಬಹುಶಃ ಮದುವೆಯಾಗಿರಲಿಲ್ಲ.

ಅಂಗಡಿಯಾಕೆ ಅಷ್ಟರಲ್ಲಿ ಹೆಲ್ಮೆಟ್ಟಿನೊಳಗೆ ಕೂರಿಸುವ ಮೈಕಿನ ಜೋಡಿಯೊಂದನ್ನು ತಂದಳು. ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ಗಾಳಿಯಲ್ಲಿ ಕೂಗಾಡುವ ಕಷ್ಟವಿಲ್ಲ, ಬೇಕಾದರೆ ಒಂದು ಸುತ್ತು ಹೋಗಿ ನೋಡಿ ಎಂದು ಇಬ್ಬರ ಹೆಲ್ಮೆಟ್ಟಿಗೂ ಸಿಕ್ಕಿಸಿಕೊಟ್ಟಳು. ಕನ್ನಡಕದವರು ಎಲ್ಲ ಬಲ್ಲವರ ಹಾಗೆ, ಮಾತಾಡಬೇಕಾದರೆ ಈ ಗುಂಡಿ ಒತ್ತು ಎಂದು ಹೆಂಡತಿಗೆ ಹೇಳಿಕೊಟ್ಟು ಬೈಕು ಹೊರಡಿಸಿದರು. ಅವಳು ಗುಂಡಿಯ ತಂಟೆಗೆ ಹೋಗಲಿಲ್ಲ. ತಿರುವು ದಾಟಿ ಬೈಕು ವೇಗ ಹಿಡಿಯಿತು. ಮೈಕು ಮೊದಲಿನಿಂದಲೇ ಚಾಲೂ ಇತ್ತೇನೋ, ಗುಂಡಿ ಒತ್ತದೆಯೇ ಅವಳ ದನಿ ಅವರ ಕಿವಿಯೊಳಗೆ ಬಂತು.

"ಆ ತಗಡಿನ ಪೆಟ್ಟಿಗೆ ಹಾಕಿಸಿದ್ರೆ ನಾನು ಕಾಲೆತ್ತಿ ಆಚೆ ಹಾಕೋದು ಹೇಗೆ? ಈ ಮಂಡಿ ಎಲ್ಲಿ ಏಳುತ್ತೆ ಅಷ್ಟೆತ್ತರಕ್ಕೆ? ಆ ಹಳದಿ ಚೀಲ ಎಷ್ಟು ಚೆನ್ನಾಗಿದೆ, ತಗ್ಗಾಗಿ ಕೂರುತ್ತೆ. ಬಾಯಿಬಿಟ್ಟು ಹೇಳಿದ್ರೆ ಇವರು ಮಂಡಿ ನೋವಾ ಅಂತಾರೆ, ಡಾಕ್ಟರು ಅಂತಾರೆ, ಆಮೇಲೆ ಹೋಗೋದೇ ಬೇಡ ಅಂತಾರೆ. ಸುಮ್ಮನಿದ್ರೆ ಸಮುದ್ರನಾದ್ರೂ ಸಿಗುತ್ತೆ."

ಮಾತಿನ ಜೊತೆಗೇ ಅವಳ ಹೆಲ್ಮೆಟ್ಟು ಅವರ ಹೆಲ್ಮೆಟ್ಟಿಗೆ ಟಕ್ ಟಕ್ ಎಂದು ತಾಗುತ್ತಿತ್ತು. ಆ ಸದ್ದು ಅವರಿಗೆ ಹೊಸದಲ್ಲ. ಮಾರ್ಕೆಟ್ಟಿಗೆ ಹೋಗುವಾಗ, ಅವಳ ಅಕ್ಕನ ಮನೆಗೆ ಹೋಗುವಾಗ, ಎಷ್ಟೋ ವರ್ಷದಿಂದ ಕೇಳಿದ್ದು. ತೂಕಡಿಸುತ್ತಾಳೆ ಎಂದುಕೊಂಡು ಗದರಿಸಿದ್ದೂ ಉಂಟು. ಅವಳೂ "ಹೂಂ, ಸ್ವಲ್ಪ ಜೊಂಪು ಹತ್ತಿತ್ತು" ಎಂದು ಒಪ್ಪಿಕೊಳ್ಳುತ್ತಿದ್ದಳು.

ಬೈಕು ನಿಲ್ಲಿಸಿ, ಎಲ್ಲ ಕೇಳಿಸುತ್ತಿದೆ ಎಂದು ಹೇಳಿಬಿಡಬೇಕಿತ್ತು. ಬೇರೆಯವರ ಕಾಗದ ಒಡೆದು ಓದಿದ ಹಾಗೆ ಇದು. ಆದರೆ ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ.

"ಇಪ್ಪತ್ತು ದಿನ" ಎಂದಿತು ದನಿ, ಈಗ ಬಹಳ ಮೆಲ್ಲಗೆ. "ಅಂಗಡಿ ಇಲ್ಲ, ಗಿರಾಕಿ ಇಲ್ಲ. ಈ ಬೆನ್ನು ಪೂರ್ತಿ ನಂದೇ."

ಕನ್ನಡಕದವರ ಕಣ್ಣು ಮಂಜಾಯಿತು. ಅದಕ್ಕೆ ಯಾವ ನಂಬರಿನ ಗಾಜೂ ಅವರಲ್ಲಿರಲಿಲ್ಲ. ಕತ್ತಿನ ಬಳಿ ತಡಕಿ ಗುಂಡಿ ಒತ್ತಿ, ಕಿವಿಗೆ ಬರುತ್ತಿದ್ದ ದನಿಯನ್ನು ನಿಲ್ಲಿಸಿದರು.

ಅಂಗಡಿಗೆ ಮರಳಿದ ಮೇಲೆ ಮೈಕಿನ ಜೋಡಿ ಬೇಡ ಎಂದು ಹಿಂದಕ್ಕೆ ಕೊಟ್ಟರು. ಅಂಗಡಿಯಾಕೆಗೆ ಆಶ್ಚರ್ಯ. "ಕೇಳಿಸಲಿಲ್ವಾ ಸರ್?"

"ಬರೀ ಗಾಳಿ" ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದೆ ಕಿವಿ ಕೆಂಪಗಾಯಿತು. ಆಮೇಲೆ ಎದುರು ಗೋಡೆಯ ಹತ್ತಿರ ಹೋಗಿ, ಎಲ್ಲವನ್ನೂ ಒಮ್ಮೆ ಮುಟ್ಟಿದಂತೆ ಮಾಡಿ, ಪೆಟ್ಟಿಗೆ ಯಾಕೋ ತಮಗೆ ಸರಿಬರುತ್ತಿಲ್ಲವೆಂದೂ ಆ ಹಳದಿ ಚೀಲ ವಾಸಿಯೆಂದೂ ಗೊಣಗಿ, "ಏನಂತೀಯಾ?" ಎಂದರು.

"ನಿಮ್ಮಿಷ್ಟ" ಎಂದಳು ಹೆಂಡತಿ. ಆದರೆ ಕೈ ಆಗಲೇ ಚೀಲದ ಪಟ್ಟಿ ಬಿಚ್ಚಿ ಒಳಗಿನ ಖಾನೆಗಳನ್ನು ಎಣಿಸುತ್ತಿತ್ತು.

ಚೀಲ ಕಟ್ಟಿಸಿಕೊಂಡು ಹೊರಡುವಾಗ ಅವರು ಬೈಕನ್ನು ಫುಟ್‌ಪಾತಿನ ಅಂಚಿಗೆ ಒತ್ತಿ ನಿಲ್ಲಿಸಿದರು. ಆ ಎತ್ತರದಿಂದ ಅವಳು ಸಲೀಸಾಗಿ ಕಾಲು ಆಚೆ ಹಾಕಿ ಕೂತಳು. ಮನೆಗೆ ಹತ್ತಿರದ ದಾರಿ ಬಿಟ್ಟು ಊರ ಹೊರಗಿನ ಸುತ್ತುದಾರಿ ಹಿಡಿದರು. ಸ್ವಲ್ಪ ದೂರ ಹೋಗುವುದರೊಳಗೆ ಹಿಂದಿನಿಂದ ಟಕ್ ಟಕ್ ಶುರುವಾಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಅವರು ಕತ್ತು ತಿರುಗಿಸಿದರು.

"ತೂಕಡಿಸ್ತಿದ್ದೀಯಾ?"

"ಹೂಂ, ಸ್ವಲ್ಪ ಜೊಂಪು."

"ತೂಕಡಿಸು, ತೂಕಡಿಸು. ದಾರಿ ಬೇಕಾದಷ್ಟಿದೆ."